ಹಳೇ ಹಂಚಿನ ಮನೆ ತಗೊಳ್ಳಬಹುದಾ?

ಓದುಗರ ಪ್ರಶ್ನೆ: ಶಿರಸಿ ಹತ್ತಿರ ನೂರು ವರ್ಷದ ಹಂಚಿನ ಮನೆ ಮಾರಾಟಕ್ಕಿದೆ. ರಿಪೇರಿ ಜಾಸ್ತಿ ಇದೆ ಅಂತಾರೆ. ತಗೊಳ್ಳಬಹುದಾ?

ತಗೊಳ್ಳಬಹುದು. ಆದರೆ ಫೆಬ್ರವರಿ ಬಿಸಿಲಲ್ಲಿ ನೋಡಿ ಮುಂಗಡ ಕೊಟ್ಟು ಬರಬೇಡಿ. ಬೇಸಿಗೆಯಲ್ಲಿ ಎಲ್ಲ ಹಳೇ ಮನೆಯೂ ಚಂದವೇ. ಪುನರ್ವಸು ಮಳೆ ಹೊಯ್ಯುವಾಗ ಹೋಗಿ, ಜಗಲಿಯಲ್ಲಿ ನಿಂತು ತಲೆ ಎತ್ತಿ ನೋಡಿ.

ಹಂಚು ಒಡೆದಿದ್ದರೆ ಚಿಂತೆ ಬೇಡ. ಮಂಗ ಇರುವ ಊರಲ್ಲಿ ಹಂಚು ಒಡೆಯದ ಮನೆ ಎಲ್ಲಿದೆ? ಸೋರಿದ ನೀರು ಯಾವ ಮರಕ್ಕೆ ಇಳಿದಿದೆ ಅನ್ನೋದು ಮುಖ್ಯ. ಎರಡು ಮಾಡು (ಇಳಿಜಾರು ಚಾವಣಿ) ಕೂಡುವ ಮೂಲೆ, ಮಾಡು ಹೊರುವ ಓರೆ ಮರ ಅಂದರೆ ಪಕಾಸಿನ ತುದಿ, ತೊಲೆ ಗೋಡೆಯೊಳಗೆ ಹೊಕ್ಕ ಜಾಗ, ಈ ಮೂರು ಕಡೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಟಣ್ ಅಂದರೆ ಮರ ಗಟ್ಟಿ ಇದೆ. ಸಲೀಸಾಗಿ ಒಳಗಿಳಿದರೆ ಒರಲೆ ಆಗಲೇ ಊಟ ಮುಗಿಸಿದೆ. ಪಕಾಸು, ಹಂಚು ಕೂರಿಸುವ ರೀಪು ಬದಲಿಸೋದು ಬಡಗಿಗೆ ಮಾಮೂಲಿ ಕೆಲಸ. ದೊಡ್ಡ ತೊಲೆಯೇ ಹೋಗಿದ್ದರೆ ಮಾತ್ರ ಲೆಕ್ಕ ಬೇರೆ. ಅಷ್ಟು ದಪ್ಪದ ಮರ ಈಗ ಹುಡುಕೋದೇ ಕಷ್ಟ.

ಅಂದಹಾಗೆ, ಹಂಚಿನ ಮೇಲೆ 1865 ಅಂತ ಅಚ್ಚಿದ್ದರೆ ಅದು ಮನೆಯ ವಯಸ್ಸಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಆ ಸಂಖ್ಯೆ ತೋರಿಸಿ ರೇಟು ಏರಿಸುವವರೂ ಇದ್ದಾರೆ!

ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯುವ ಆಸೆ ಬಿಡಿ. ನಾನು ನಮ್ಮ ಬಚ್ಚಲ ಗೋಡೆಗೆ ಬಳಿಸಿ ಕೈ ಸುಟ್ಟುಕೊಂಡವನು. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಎರಡನೇ ಮಳೆಗಾಲಕ್ಕೆ ಪ್ಲಾಸ್ಟರ್ ಹಪ್ಪಳದ ಹಾಗೆ ಎದ್ದು ಬಂತು. ಬೆನ್ನಿಗೇ ಹಿಡಿ ಮಣ್ಣೂ ಬಂತು. ಮಣ್ಣಿಗೆ ಮಣ್ಣು, ಇಲ್ಲವೇ ಸುಣ್ಣದ ಗಾರೆಯೇ ಸರಿ.

ಇನ್ನು ಕಾಗದಪತ್ರ. ನಮ್ಮ ಕಡೆ ಮನೆಗಿಂತ ಮನೆಯ ಅಡಿಯ ನೆಲವೇ ಜಾಸ್ತಿ ತೊಂದರೆ ಕೊಡೋದು. ಮನೆ ನಿಂತಿರುವ ಜಾಗ ಮಾಲ್ಕಿಯೋ (ಸ್ವಂತ ಹಕ್ಕಿನದೋ), ಬಿನ್‌ಶೇತ್ಕಿ (ಕೃಷಿಯೇತರ) ಆಗಿದೆಯೋ, ಅರಣ್ಯ ಅತಿಕ್ರಮಣವೋ? ಪಹಣಿ, ನಕ್ಷೆ ಹಿಡಿದು ಸರ್ವೆ ಮಾಡಿಸದೆ ಗೊತ್ತಾಗೋದಿಲ್ಲ. ಪಂಚಾಯಿತಿಯ ಇ-ಸ್ವತ್ತು ಕಾಗದ ಕೇಳಿ. "ತೋಟದ ಜೊತೆ ಬೆಟ್ಟವೂ ನಿಮ್ಮದೇ" ಅಂತ ದಲ್ಲಾಳಿ ಅಂದರೆ ಸುಮ್ನೆ ತಲೆ ಆಡಿಸಬೇಡಿ. ಸೊಪ್ಪಿನಬೆಟ್ಟದಲ್ಲಿ ಇರೋದು ತೋಟಕ್ಕೆ ಸೊಪ್ಪು, ದರಕು (ಒಣಗಿದ ಎಲೆ) ತರುವ ಸೌಲಭ್ಯ, ಮಾಲ್ಕಿಯಲ್ಲ. ಅಲ್ಲಿ ಹೋಂಸ್ಟೇ ಕಟ್ಟುವ ಕನಸು ಬೇಡ. ಪಾಲಿನ ಮನೆಯಾದರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿಯೂ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತದಲ್ಲಿ ಅವರಿಗೂ ಸಮಪಾಲು. ಒಬ್ಬ ಅಕ್ಕನ ಸಹಿ ಬಿಟ್ಟುಹೋದರೂ ನೀವು ಕೋರ್ಟು ಅಲೆಯಬೇಕಾದೀತು.

ಕೆಡವಿ ಹೊಸದು ಕಟ್ಟೋದು ಅಗ್ಗ ಅಂತ ಇಂಜಿನಿಯರ್ ಹೇಳಬಹುದು. ತೊಲೆ ಗಟ್ಟಿಯಿದ್ದರೆ ಆ ಮಾತು ಕೇಳಬೇಡಿ.

ಬಾವಿಯನ್ನು ಮಾತ್ರ ಮಳೆಯಲ್ಲಿ ನೋಡಿ ಪ್ರಯೋಜನವಿಲ್ಲ. ಅದಕ್ಕೆ ಮೇ ತಿಂಗಳಲ್ಲಿ ಇನ್ನೊಂದು ಸಲ ಹೋಗಬೇಕು.