ಭಯ ಹೋಗಲಿ, ಆಮೇಲೆ ಮಾತಾಡ್ತೀನಿ ಅನ್ನುವವರಿಗೆ

ಪ್ರಶ್ನೆ: ಸರ್, ಊರು ಬಿಟ್ಟು ಮುಂಬೈಗೆ ಬಂದು ಎರಡು ವರ್ಷ ಆಯ್ತು. ಡೊಂಬಿವಲಿಯಲ್ಲಿ ರೂಮು, ಅಂಧೇರಿಯಲ್ಲಿ ಆಫೀಸು. ಹಿಂದಿ ತಡವರಿಸುತ್ತೆ, ಮರಾಠಿ ಬರೋದೇ ಇಲ್ಲ. ಮೀಟಿಂಗಿನಲ್ಲಿ ಬಾಯಿ ಬಿಡಲು ಭಯ. ಈ ಭಯ ಹೋಗಿ, ನಾನು ಇರೋದೇ ಹೀಗೆ ಅಂತ ಒಪ್ಪಿಕೊಳ್ಳೋದು ಹೇಗೆ?

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಬಿಟ್ಟಿದ್ದೇನೆ. ಪ್ರಶ್ನೆಯಲ್ಲಿ ಡೊಂಬಿವಲಿ ಹೋಗಿ ಮೀರಾ ರೋಡ್ ಆಗುತ್ತದೆ, ಅಷ್ಟೇ. ಒಳಗಿನ ತಪ್ಪು ಅದೇ: ಮೊದಲು ಭಯ ಹೋಗಬೇಕು, ಆಮೇಲೆ ಬಾಯಿ ಬಿಡಬೇಕು. ಇದು ತಲೆಕೆಳಗು ಲೆಕ್ಕ ಮಾರಾಯ್ರೇ.

ಲೋಕಲ್ ರೈಲು ನೆನಪಿಸಿಕೊಳ್ಳಿ. ಮೊದಲ ವಾರ ಅಂಧೇರಿಗೆ ಗಾಡಿ ಬದಲಿಸಲು ಘಾಟ್ಕೋಪರ್‌ನಲ್ಲಿ ಇಳಿಯುವಾಗ ಎದೆ ಢವಢವ ಅಂದಿರಲಿಲ್ವಾ? ಧೈರ್ಯ ಬರಲಿ ಅಂತ ಕಾದಿರಾ? ಕಾದಿದ್ದರೆ ಕೊನೇ ಸ್ಟೇಷನ್ ಸಿಎಸ್‌ಎಂಟಿ ಮುಟ್ಟುತ್ತಿದ್ದಿರಿ. ಠಾಣೆ ದಾಟಿದ ಕೂಡಲೇ ಬಾಗಿಲ ಕಡೆ ಸರಿದಿರಿ, ‘ಘಾಟ್ಕೋಪರ್ ಉತರೇಂಗೆ?’ ಅಂತ ಮುಂದಿನವರನ್ನು ಕೇಳಿದಿರಿ. ಭಯ ಇಟ್ಟುಕೊಂಡೇ ಇಳಿದಿರಿ. ಇಳಿದು ಇಳಿದು ಭಯ ಹೋಯಿತು.

ಮೀಟಿಂಗಿನಲ್ಲಿ ಸುಮ್ಮನೆ ಕೂತಾಗ ಏನಾಗುತ್ತದೆ? ಬಚಾವಾದೆ ಅಂತ ಹಾಯೆನಿಸುತ್ತದೆ. ಕೆಡಿಸುವುದು ಅದೇ. ಬಾಯಿ ಮುಚ್ಚಿದ್ದಕ್ಕೇ ಉಳಿದೆ ಅಂತ ಮೆದುಳು ಪಾಠ ಕಲಿಯುತ್ತದೆ. ಮುಂದಿನ ಸಲ ಭಯ ಇನ್ನೂ ಜಾಸ್ತಿ. ಬಾಯಿ ಬಿಟ್ಟರೆ ಎದೆ ಹೊಡೆದುಕೊಳ್ಳುತ್ತದೆ, ಕೈ ಬೆವರುತ್ತದೆ. ಅದು ಅಡ್ರಿನಲಿನ್ ಅನ್ನುವ ಹಾರ್ಮೋನಿನ ಕೆಲಸ, ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಜಾಗ ಬಿಡದವರಿಗೆ ಮಾತ್ರ ಹೊಸ ಪಾಠ.

‘ಭಯಪಡಬೇಡ, ಭಯಪಡಬೇಡ’ ಅಂತ ಒಳಗೇ ಜಪ ಮಾಡುವುದೂ ದಂಡ. 1987ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು ಒಂದಷ್ಟು ಜನರಿಗೆ ಬಿಳಿ ಕರಡಿಯನ್ನು ನೆನೆಯಬೇಡಿ ಅಂದರು. ಕರಡಿ ಮತ್ತೆ ಮತ್ತೆ ಬಂತು.

ನ್ಯೂಯಾರ್ಕಿನ ಆಲ್ಬರ್ಟ್ ಎಲ್ಲಿಸ್ ಮುಂದೆ ದೊಡ್ಡ ಮನಶ್ಶಾಸ್ತ್ರಜ್ಞ ಆದವರು. 19ರ ವಯಸ್ಸಿನಲ್ಲಿ ಅವರಿಗೆ ಹೆಣ್ಣುಮಕ್ಕಳ ಜೊತೆ ಮಾತಾಡಲು ಭಯ. ಬ್ರಾಂಕ್ಸ್‌ನ ಸಸ್ಯೋದ್ಯಾನದ ಬೆಂಚುಗಳಲ್ಲಿ ಕೂತು ಒಂದು ತಿಂಗಳಲ್ಲಿ ನೂರು ಮಂದಿಯನ್ನು ಮಾತಾಡಿಸಿದರು. ಒಬ್ಬಳು ಮಾತ್ರ ಮತ್ತೆ ಸಿಗುತ್ತೇನೆ ಅಂದಳು. ಅವಳೂ ಬರಲಿಲ್ಲ! ಪರೀಕ್ಷೆ ಫೇಲು, ಭಯ ಮಾತ್ರ ಹೋಗಿತ್ತು. (ನೀವು ಇದನ್ನು ದಾದರ್ ಸ್ಟೇಷನ್ನಿನಲ್ಲಿ ಮಾಡಲು ಹೋಗಬೇಡಿ, ದಯವಿಟ್ಟು.)

ಇನ್ನು ಒಪ್ಪಿಕೊಳ್ಳುವ ವಿಷಯ. ಕೆಲಸಕ್ಕೆ ಮಾರ್ಕ್ಸ್ ಹಾಕಿ, ಮನುಷ್ಯನಿಗೆ ಹಾಕಬೇಡಿ ಅನ್ನುವುದು ಎಲ್ಲಿಸ್ ವಾದ. ನನಗೆ ಇದು ಅರ್ಥವಾದದ್ದು ಫೋರ್ಟ್‌ನ ರಾತ್ರಿ ಶಾಲೆಯಲ್ಲಿ ಕಲಿಸುವಾಗ. ಹಗಲೆಲ್ಲ ಹೋಟೆಲಿನಲ್ಲಿ ಟೇಬಲ್ ಒರೆಸಿ ಬರುವ ಹುಡುಗರು. ‘ನಾನು ದಡ್ಡ ಸರ್’ ಅನ್ನುವವನಿಗೆ ಎಲ್ಲಿಂದ ಶುರು ಮಾಡಲಿ? ‘ಭಾಗಾಕಾರ ಬರಲ್ಲ ಸರ್’ ಅಂದವನಿಗೆ ಭಾಗಾಕಾರ ಹೇಳಿಕೊಟ್ಟೆ. ಕಲಿತ.

ನೀವು ನಾಳೆ ಮೀಟಿಂಗ್ ಶುರುವಾದ ಹತ್ತು ನಿಮಿಷದೊಳಗೆ ಒಂದು ವಾಕ್ಯ ಹೇಳಿ. ‘ಮೇರಿ ಹಿಂದಿ ಥೋಡಿ ಕಚ್ಚಿ ಹೈ’ ಅಂತಲೇ ಶುರು ಮಾಡಿ. ನಿದ್ದೆ, ಊಟ ಕೆಡುವಷ್ಟು ಭಯ ಇದ್ದರೆ ನನ್ನ ಹತ್ತಿರ ಬರಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಅಂದಹಾಗೆ, ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಊರಿಗೆ ಹೋದಾಗ ಕನ್ನಡದಲ್ಲಿ ಯಾಕೆ ಬಾಯಿ ಬಿಡುವುದಿಲ್ಲ? ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ನನ್ನ ಮೊಮ್ಮಗಳು ಒಂದು ಸಲ ‘ಅಜ್ಜ ಬಂದಳು’ ಅಂದಳು. ಜಗಲಿಯಲ್ಲಿ ಕೂತವರೆಲ್ಲ ನಕ್ಕರು. ಮೇಷ್ಟ್ರಾಗಿ ನಾನೂ ನಕ್ಕೆ. ಆ ರಜೆ ಪೂರ್ತಿ ಅವಳು ಹಿಂದಿ ಬಿಟ್ಟು ಬೇರೆ ಆಡಲಿಲ್ಲ. ಈಗ ಫೋನಿನಲ್ಲಿ ನಾನು ನನ್ನ ಹಾಳು ಮರಾಠಿಯಲ್ಲಿ ಶುರು ಮಾಡುತ್ತೇನೆ. ಹೊಟ್ಟೆ ತುಂಬ ನಗುತ್ತಾಳೆ. ಆಮೇಲೆ ಕನ್ನಡದಲ್ಲಿ ನನ್ನನ್ನು ತಿದ್ದುತ್ತಾಳೆ.