"ನಂಗೆ ಲೆಕ್ಕನೇ ಬರಲ್ಲ ಅಕ್ಕ": ಮಗು ಮತ್ತು ಸೋಲು, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಓದುವವರಿಗೆ ಒಂದು ಟಿಪ್ಪಣಿ

ಶಿಶು ವಿಕಸನದಲ್ಲಿ ಈ ಭಾಗವನ್ನು ಸುಮ್ನೆ ಕಂಠಪಾಠ ಮಾಡಬೇಡಿ. ನನಗೆ ಇದು ಅರ್ಥ ಆಗಿದ್ದು ದಾವಣಗೆರೆಯ ನಮ್ಮ ಮನೆ ಪಡಸಾಲೆಯಲ್ಲಿ, ಪಕ್ಕದ ಮನೆಯ ಮೂರನೇ ಕ್ಲಾಸಿನ ಹುಡುಗಿಗೆ ಲೆಕ್ಕ ಹೇಳಿಕೊಡುವಾಗ.

42ರಲ್ಲಿ 17 ಕಳೆ ಅಂದೆ. 35 ಅಂತ ಬರೆದಳು. 2ರಲ್ಲಿ 7 ಹೋಗಲ್ಲ ಅಂತ 7ರಲ್ಲೇ 2 ಕಳೆದಿದ್ದಳು. ತಪ್ಪು ಅಂದ ತಕ್ಷಣ ಹಾಳೆ ಹರಿಯೋವರೆಗೂ ರಬ್ಬರ್ ಉಜ್ಜಿ, "ನಂಗೆ ಲೆಕ್ಕನೇ ಬರಲ್ಲ ಅಕ್ಕ" ಅಂದಳು.

ಮನಶ್ಶಾಸ್ತ್ರಜ್ಞ ಬರ್ನಾರ್ಡ್ ವೀನರ್ ಹೇಳುವುದು ಇದನ್ನೇ. ಸೋತ ಮಗು ಒಂದು ಕಾರಣ ಹುಡುಕುತ್ತದೆ. ಆ ಕಾರಣ ನನ್ನೊಳಗಿದೆಯಾ ಹೊರಗಿದೆಯಾ, ಬದಲಾಗುತ್ತಾ ಇಲ್ವಾ, ನನ್ನ ಕೈಯಲ್ಲಿದೆಯಾ ಇಲ್ವಾ, ಈ ಮೂರರ ಮೇಲೆ ಮುಂದಿನ ಪ್ರಯತ್ನ ನಿಂತಿರುತ್ತದೆ. "ಲೆಕ್ಕನೇ ಬರಲ್ಲ" ಅನ್ನುವ ಕಾರಣ ಒಳಗಿನದು, ಬದಲಾಗದ್ದು, ಕೈ ಮೀರಿದ್ದು. ಮೂರೂ ಕೆಟ್ಟ ಕಡೆಗೇ ಬಿದ್ದಿವೆ.

ಅವಳ ಐದು ವರ್ಷದ ತಮ್ಮ ಮಾತ್ರ ತಪ್ಪಾದರೆ ನಗುತ್ತಾನೆ, ನಾಳೆ ಸರಿ ಬರೀತೀನಿ ಅಂತಾನೆ. ಅವನಿಗೆ ಧೈರ್ಯ ಜಾಸ್ತಿ ಅಂತಲ್ಲ. 5-6 ವರ್ಷದ ಮಕ್ಕಳು ಶ್ರಮ, ಸಾಮರ್ಥ್ಯ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ, ಅವನ್ನು ಪೂರ್ತಿ ಬಿಡಿಸಿ ನೋಡೋಕೆ ಸುಮಾರು 12 ವರ್ಷ ವಯಸ್ಸಾಗಬೇಕು ಅಂತ ಮನಶ್ಶಾಸ್ತ್ರಜ್ಞ ಜಾನ್ ನಿಕೋಲ್ಸ್ 1978ರಲ್ಲಿ ತೋರಿಸಿದರು. ಅವನ ಅಕ್ಕ ಈ ದಾರಿಯ ಮಧ್ಯದಲ್ಲಿದ್ದಾಳೆ, ಪಕ್ಕದ ಬೆಂಚಿನವರ ಅಂಕ ನೋಡಲು ಶುರು ಮಾಡಿದ್ದಾಳೆ.

ಹಾಗಾದ್ರೆ "ನೀನು ಜಾಣೆ" ಅನ್ನಬಹುದಿತ್ತಲ್ವಾ? ಬೇಡ. ಮುಲ್ಲರ್ ಮತ್ತು ಡ್ವೆಕ್ ಅನ್ನುವ ಸಂಶೋಧಕರು 1998ರಲ್ಲಿ ಐದನೇ ತರಗತಿಯ ಮಕ್ಕಳಿಗೆ ತೀರಾ ಕಷ್ಟವಲ್ಲದ ಪ್ರಶ್ನೆ ಕೊಟ್ಟು ಕೆಲವರ ಬುದ್ಧಿಯನ್ನು, ಕೆಲವರ ಶ್ರಮವನ್ನು ಹೊಗಳಿದರು. ಆಮೇಲೆ ಕಷ್ಟದ ಪ್ರಶ್ನೆಯಲ್ಲಿ ಎಲ್ಲರೂ ಎಡವಿದರು. ಮತ್ತೆ ಮೊದಲಿನಂಥದ್ದೇ ಪ್ರಶ್ನೆ ಕೊಟ್ಟಾಗ ಜಾಣ ಅನ್ನಿಸಿಕೊಂಡವರ ಅಂಕ ಇಳಿದಿತ್ತು, ಶ್ರಮಕ್ಕೆ ಹೊಗಳಿಸಿಕೊಂಡವರದ್ದು ಏರಿತ್ತು.

ಈ ಕೆಲಸ ನನ್ನಿಂದ ಆಗುತ್ತೆ ಅನ್ನುವ ಆತ್ಮವಿಶ್ವಾಸದ ನಾಲ್ಕು ಮೂಲಗಳನ್ನು ಮನಶ್ಶಾಸ್ತ್ರಜ್ಞ ಬಂಡೂರ 1977ರಲ್ಲಿ ಹೇಳಿದರು: ಸ್ವಂತ ಅನುಭವ, ತನ್ನಂಥವರು ಮಾಡುವುದನ್ನು ನೋಡುವುದು, ಇತರರ ಉತ್ತೇಜನ, ಮೈಮನಸ್ಸಿನ ಸ್ಥಿತಿ. ಮೊದಲನೆಯದೇ ಎಲ್ಲಕ್ಕಿಂತ ಗಟ್ಟಿ. ಅದಕ್ಕೇ ಮಾತು ಬಿಟ್ಟು ದುಡ್ಡು ತಂದೆ. ಹತ್ತರ ನಾಲ್ಕು ನೋಟು, ಒಂದು ರೂಪಾಯಿಯ ಎರಡು ನಾಣ್ಯ. "ಅಂಗಡಿಗೆ 17 ಕೊಡು." ಸ್ವಲ್ಪ ಹೊತ್ತು ನೋಡಿ ತಾನೇ ಒಂದು ನೋಟಿಗೆ ಚಿಲ್ಲರೆ ಕೇಳಿದಳು. ಉಳಿದದ್ದು 25.

ಮುಂದೆ ಪುಸ್ತಕದಲ್ಲಿ 61ರಲ್ಲಿ 24 ಕಳೆದು 47 ಬರೆದಳು. ನಾನು ಬಾಯಿ ಬಿಡಲಿಲ್ಲ. ರಬ್ಬರ್ ಕಡೆ ಕೈ ಹೋಯಿತು, ಅರ್ಧಕ್ಕೇ ನಿಂತಿತು. "ಅಯ್ಯೋ ಅಕ್ಕ, ಚಿಲ್ಲರೆ ಮಾಡಿಸಿದ ನೋಟನ್ನೂ ಎಣಿಸಿಬಿಟ್ಟೆ" ಅಂದಳು.