14 ಡಿಗ್ರಿಗೆ ನಡುಗುವವರ ಪರವಾಗಿ

ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಮುಗಿದು ಕಾಫಿ ಕೊಯ್ಲು ಶುರುವಾಯಿತೆಂದರೆ ಮಡಿಕೇರಿಯಲ್ಲಿ ಯಾರು ಎದುರಾದರೂ ಮೊದಲ ಮಾತು "ಎಂಥ ಚಳಿ ಮಾರಾಯ್ರೆ!" ಸ್ವೆಟರ್, ಅದರ ಮೇಲೆ ಜಾಕೆಟ್, ತಲೆಗೆ ಮಂಕಿ ಕ್ಯಾಪ್. ಕಳೆದ ಡಿಸೆಂಬರಿನಲ್ಲಿ ಕೆನಡಾದಿಂದ ಬಂದಿದ್ದ ನಮ್ಮ ಭಾವ ಮೊಬೈಲ್ ನೋಡಿ, "14 ಡಿಗ್ರಿ! ಇದೂ ಒಂದು ಚಳಿಯಾ?" ಎಂದು ನಕ್ಕರು. ಈ ನಗು ನನಗೆ ಒಪ್ಪಿಗೆಯಿಲ್ಲ. ನಡುಗುವವರು ಹೇಳುತ್ತಿರುವುದು ನಿಜ.

ನಮ್ಮ ಚರ್ಮ ಥರ್ಮಾಮೀಟರ್ ಅಲ್ಲ. ಹೊರಗೆ ಎಷ್ಟು ಡಿಗ್ರಿ ಎಂಬುದು ಅದಕ್ಕೆ ತಿಳಿಯುವುದಿಲ್ಲ. ತನ್ನ ಶಾಖ ಎಷ್ಟು ಬೇಗ ಸೋರಿ, ತಾನೆಷ್ಟು ತಣ್ಣಗಾದೆ ಎಂಬುದಷ್ಟೇ ತಿಳಿಯುತ್ತದೆ. ಬೆಳಿಗ್ಗೆ ಎದ್ದವರು ಒಂದು ಕಾಲನ್ನು ಚಾಪೆಯ ಮೇಲೆ, ಇನ್ನೊಂದನ್ನು ಕೆಂಪು ಗಾರೆಯ ನೆಲದ ಮೇಲೆ ಇಟ್ಟು ನೋಡಿ. ರಾತ್ರಿಯಿಡೀ ಒಂದೇ ಕೋಣೆಯಲ್ಲಿದ್ದ ಎರಡರ ಉಷ್ಣತೆಯೂ ಹೆಚ್ಚುಕಡಿಮೆ ಒಂದೇ. ಆದರೂ ಗಾರೆ ಕಾಲನ್ನು ಕಚ್ಚುತ್ತದೆ, ಏಕೆಂದರೆ ಅದು ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ. ಸ್ಟೀಲ್ ಚೊಂಬು ತಣ್ಣಗೆ, ಮರದ ಮಣೆ ಬೆಚ್ಚಗೆ ಅನ್ನಿಸುವುದೂ ಹೀಗೆಯೇ. ಸ್ಕೂಟರ್ ಏರಿದೊಡನೆ ಚಳಿ ಹೆಚ್ಚುವುದೂ ಇದರಿಂದಲೇ: ಮೈ ಕಾಯಿಸಿಟ್ಟುಕೊಂಡ ಗಾಳಿಯ ತೆಳು ಪದರವನ್ನು ಬೀಸುಗಾಳಿ ಕಿತ್ತೊಯ್ಯುತ್ತದೆ, ಮೈ ಮತ್ತೆ ಮೊದಲಿಂದ ಕಾಯಿಸಬೇಕು. ತೂತು ಬಿದ್ದ ಹಂಡೆಗೆ ನೀರು ತುಂಬಿದ ಹಾಗೆ.

17ನೇ ಶತಮಾನದಲ್ಲೇ ಜಾನ್ ಲಾಕ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿ, ಒಂದೇ ನೀರು ಒಂದು ಕೈಗೆ ಬಿಸಿ, ಇನ್ನೊಂದಕ್ಕೆ ತಂಪು ಅನ್ನಿಸಬಹುದೆಂದು ಬರೆದಿದ್ದ. ಬಿಸಿನೀರಿನಲ್ಲಿ ಅದ್ದಿ ತೆಗೆದ ಕೈಯನ್ನು ಉಗುರುಬೆಚ್ಚಗಿನ ನೀರಿಗೆ ಇಟ್ಟರೆ ಅದು ತಣ್ಣೀರೇ! ಚಳಿ ಅನ್ನಿಸುವುದರ ಹಿಂದಿನ ಯಂತ್ರ ಸಿಕ್ಕಿದ್ದು 2002ರಲ್ಲಿ. ವಿಜ್ಞಾನಿಗಳಾದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಬೇರೆ ಬೇರೆಯಾಗಿ, ಪೆಪ್ಪರ್‌ಮಿಂಟಿನಲ್ಲಿರುವ ಮೆಂಥಾಲ್ ಬಳಸಿ, ನರಗಳ ತುದಿಯಲ್ಲಿ ಚಳಿಗೆ ತೆರೆದುಕೊಳ್ಳುವ ಟಿಆರ್‌ಪಿಎಂ8 ಎಂಬ ಪ್ರೋಟೀನ್ ಬಾಗಿಲನ್ನು ಕಂಡುಹಿಡಿದರು. ಉಷ್ಣತೆ ಮತ್ತು ಸ್ಪರ್ಶವನ್ನು ಗುರುತಿಸುವ ಇಂಥ ಬಾಗಿಲುಗಳ ಶೋಧಕ್ಕಾಗಿ 2021ರ ನೊಬೆಲ್ ಇವರಿಗೇ ಬಂತು. ಚರ್ಮ ಸುಮಾರು 26 ಡಿಗ್ರಿಗಿಂತ ತಣ್ಣಗಾದರೆ ಈ ಬಾಗಿಲು ತೆರೆಯತೊಡಗುತ್ತದೆ. ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿದರೆ ಐಸ್ ಇಲ್ಲದೆಯೂ ತಂಪಾಗುವುದು ಮೆಂಥಾಲ್ ಇದೇ ಬಾಗಿಲನ್ನು ತಟ್ಟುವುದರಿಂದ. ನೋಡಿ, ಚಳಿ ಅನ್ನಿಸಲು ಹಿಮವೇ ಬೀಳಬೇಕಾಗಿಲ್ಲ!

ಇನ್ನು ನಮ್ಮ ಮನೆಗಳು. ಹೆಂಚಿನ ಸಂದಿಯಲ್ಲಿ ಗಾಳಿ ಓಡಾಡುತ್ತದೆ, ಹೀಟರ್ ಇಲ್ಲ, ಒಳಗೂ ಹೊರಗೂ ಒಂದೇ ಚಳಿ. ಭಾವನ ಊರಿನಲ್ಲಿ ಹೊರಗೆ ಮೈನಸ್ ಇದ್ದರೂ ಅವರು ಮಲಗುವುದು 20 ಡಿಗ್ರಿಯ ಕೋಣೆಯಲ್ಲಿ.

ಮಳೆಗಾಲದಲ್ಲಿ ಕಂಬಳಿಯಂತಿದ್ದ ಮೋಡ ಡಿಸೆಂಬರಿನಲ್ಲಿ ಇರುವುದಿಲ್ಲ. ನೆಲದ ಶಾಖ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಹೋಗಿಬಿಡುತ್ತದೆ. ತಣ್ಣಗಾದ ಗಾಳಿ ಭಾರ, ಅದು ನೀರಿನಂತೆ ಇಳಿಜಾರು ಹಿಡಿದು ಗದ್ದೆಯಲ್ಲಿ ನಿಲ್ಲುತ್ತದೆ. ಮರಗಳ ನೆರಳಿರುವ ತೋಟದಿಂದ ಗದ್ದೆಯ ಬದುವಿಗೆ ಇಳಿದು ನೋಡಿ, ಹತ್ತೇ ಹೆಜ್ಜೆಗೆ ಮೂಗಿನ ತುದಿ ಹೇಳುತ್ತದೆ. ಕಣದಲ್ಲಿ ಹರಡಿದ ಕಾಫಿಯನ್ನು ಸಂಜೆ ರಾಶಿ ಮಾಡಿ ಟಾರ್ಪಾಲ್ ಹೊದಿಸುವುದೂ ಇದಕ್ಕೇ. ಬೆಳಿಗ್ಗೆ ಟಾರ್ಪಾಲಿನ ಮೇಲೆ ಬೊಗಸೆ ತುಂಬುವಷ್ಟು ಇಬ್ಬನಿ.

"ಒಂದು ಪೆಗ್ ಹಾಕಿದರೆ ಚಳಿ ಹೋಗ್ತದೆ" ಎನ್ನುವವರಿಗೆ ಎಷ್ಟು ಹೇಳಿದರೂ ಸಾಲದು. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಒಳಗಿನ ಬಿಸಿರಕ್ತ ಹೊರಗೆ ಬಂದು ಮುಖ ಕಾವೇರುತ್ತದೆ. ಮೈ ಒಳಗೆ ಉಳಿಸಿಕೊಳ್ಳಲು ಹೆಣಗುತ್ತಿದ್ದ ಶಾಖ ಇನ್ನೂ ಬೇಗ ಸೋರುತ್ತದೆ. ಬಯಲಲ್ಲಿ ರಾತ್ರಿ ಕಳೆಯುವವರಿಗೆ ಇದು ಅಪಾಯ.

ಮೂರನೆಯ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಭಾವ ಬಚ್ಚಲ ಒಲೆಯ ಮುಂದೆ ಮಣೆ ಎಳೆದುಕೊಂಡು, ನನ್ನ ಮಂಕಿ ಕ್ಯಾಪ್ ಹಾಕಿಕೊಂಡು ಕೂತಿದ್ದರು.